ಬೊಬ್ರುವಾಡದ ಕಡಲು ಖಾಲಿ ಬಯಲಲ್ಲ

ಅಂಕೋಲೆಯ ಬೊಬ್ರುವಾಡದೆದುರಿನ ಕಡಲು ಖಾಲಿ ಬಿದ್ದಿದೆ, ಡೆನ್ಮಾರ್ಕಿನಂತೆ ಗಾಳಿಯಂತ್ರ ನೆಟ್ಟರೆ ಯಾರಿಗೂ ನಷ್ಟವಿಲ್ಲ ಎಂಬ ಲೇಖನ ಓದಿದೆ. ಈ ಮಾತನ್ನು ಒಪ್ಪಲಾರೆ.

ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಸ್ಥಾವರ 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಶುರುವಾದದ್ದು ನಿಜ. ಅಲ್ಲಿದ್ದದ್ದು ತಲಾ 450 ಕಿಲೋವ್ಯಾಟಿನ 11 ಯಂತ್ರಗಳು, ಅವೂ ಆಳವಿಲ್ಲದ ನೀರಿನಲ್ಲಿ. ಇಂದಿನ ದೈತ್ಯ ಯಂತ್ರಗಳಿಗಾದರೆ ಸಾಮಾನ್ಯವಾಗಿ ಕಡಲತಳಕ್ಕೆ ಭಾರೀ ಉಕ್ಕಿನ ಕೊಳವೆ ಬಡಿದಿಳಿಸಬೇಕು, ಮೇಲೆ ಗೋಪುರ, ರೆಕ್ಕೆ ಕೂರಿಸಬೇಕು, ತಳದಲ್ಲಿ ಕೇಬಲ್ ಹೂತು ದಡಕ್ಕೆ ವಿದ್ಯುತ್ ತರಬೇಕು. ಆ ಹಾದಿಯಲ್ಲಿ ಬಲೆ ಎಳೆಯುವವರು ಎಲ್ಲಿಗೆ ಹೋಗಬೇಕು?

ಕೇಂದ್ರ ಸರ್ಕಾರ 2024ರಲ್ಲಿ 1,000 ಮೆಗಾವ್ಯಾಟಿಗೆ ನೆರವು ಒಪ್ಪಿದ್ದು ಗುಜರಾತ್, ತಮಿಳುನಾಡಿನ ಕರಾವಳಿಗೆ, ನಮ್ಮದಕ್ಕಲ್ಲ. ಇಲ್ಲಿ ಗಾಳಿ ಬಿರುಸಾಗುವುದು ಮಳೆಗಾಲದಲ್ಲಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ಆ ಅಬ್ಬರದಲ್ಲಿ ಯಂತ್ರ ಕೆಟ್ಟರೆ ದುರಸ್ತಿಯವರನ್ನು ಅಲ್ಲಿಗೆ ಮುಟ್ಟಿಸುವುದು ಹೇಗೆ?

1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಜನ ಊರು, ಮನೆ, ಮೀನು ಹಿಡಿಯುವ ಜಾಗ ಬಿಟ್ಟುಕೊಟ್ಟಿದ್ದಾರೆ. ಶುದ್ಧ ವಿದ್ಯುತ್ತು ನನಗೂ ಬೇಕು. ಆದರೆ ಈ ಕಡಲು ಉಣಿಸಿದ ತಟ್ಟೆಗಳನ್ನು ಎಣಿಸದೆ ಅದನ್ನು ಖಾಲಿ ಎನ್ನಬೇಡಿ. ಮೊದಲು ಮೀನುಗಾರರನ್ನು ಕೇಳಿ, ನಕ್ಷೆ ಆಮೇಲೆ ಬಿಡಿಸಿ.