ಕ್ಲಿಕ್ಕು ಎಣಿಸುವ ಮೊದಲು ತೀರ್ಪು ಓದೋಣ

ಸಣ್ಣ ಸುದ್ದಿ ವೆಬ್‌ಸೈಟ್‌ಗಳಲ್ಲೂ ಈಗ ಬೆಳಿಗ್ಗೆ ಮೊದಲು ತೆರೆಯುವುದು ಗೂಗಲ್ ಅನಲಿಟಿಕ್ಸ್. ಮೈಕ್ರೋಸಾಫ್ಟ್ ಕ್ಲಾರಿಟಿಯಂತೂ ಓದುಗ ಎಲ್ಲಿ ಬೆರಳಿಟ್ಟ, ಎಲ್ಲಿವರೆಗೆ ಓದಿದ, ಎಲ್ಲಿ ಬಿಟ್ಟುಹೋದ ಎಂಬುದನ್ನು ವಿಡಿಯೊದಂತೆ ತೋರಿಸುತ್ತದೆ. ಎರಡೂ ಪುಕ್ಕಟೆ. ಹೀಗಾಗಿ ಮದ್ದೂರು, ಮಳವಳ್ಳಿಯಿಂದ ಸುದ್ದಿ ಕಳಿಸುವವರಿಗೂ 'ಇದು ಓಡುತ್ತೆ, ಅದು ಓಡಲ್ಲ' ಎಂಬ ಪಾಠ ತಪ್ಪಿದ್ದಲ್ಲ.

ವಕೀಲರ ಮೇಜಿನ ಮೇಲೆ ಇನ್ನೊಂದು ಬಗೆಯ ಸಾಫ್ಟ್‌ವೇರ್ ಇದೆ. ಮನುಪಾತ್ರ, ಎಸ್‌ಸಿಸಿ ಆನ್‌ಲೈನ್‌ಗೆ ಚಂದಾ ಕಟ್ಟಬೇಕು, ನಿಜ. ಆದರೆ 2008ರಲ್ಲಿ ಶುರುವಾದ ಇಂಡಿಯನ್ ಕಾನೂನ್‌ನಲ್ಲಿ ತೀರ್ಪು ಹುಡುಕಿ ಓದಲು ಕಾಸು ಬೇಡ. ಸುಪ್ರೀಂ ಕೋರ್ಟ್‌ನ ಇ-ಎಸ್‌ಸಿಆರ್ ಕೂಡ 2023ರಿಂದ ಎಲ್ಲರಿಗೂ ಮುಕ್ತ. ಪತ್ರಕರ್ತರಾದ ನಾವು ಅತ್ತ ತಲೆಹಾಕುವುದೇ ಅಪರೂಪ.

ಕಾವೇರಿಯನ್ನೇ ತೆಗೆದುಕೊಳ್ಳಿ. ಮಂಡ್ಯದಲ್ಲಿ ಹೆದ್ದಾರಿ ತಡೆ ನಡೆದರೆ ಫೋಟೊಗೆ ಕ್ಲಿಕ್ಕಿನ ಸುರಿಮಳೆ. 2018ರ ಫೆಬ್ರವರಿ 16ರ ತೀರ್ಪು ತಮಿಳುನಾಡಿಗೆ ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಕರ್ನಾಟಕಕ್ಕೆ ಸಿಕ್ಕ ಆ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಬಾಬ್ತು. ಉಳಿದ 10ಕ್ಕೆ ಕಾರಣ ತಮಿಳುನಾಡಿನ ಅಂತರ್ಜಲ. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿ ಭತ್ತ, ಕಬ್ಬು ಬೆಳೆಯುವವನಿಗೆ ಈ ಲೆಕ್ಕ ಬೇಕು. ಅದು ಯಾವ ಡ್ಯಾಶ್‌ಬೋರ್ಡಿನಲ್ಲೂ ಸಿಗದು, ತೀರ್ಪಿನಲ್ಲೇ ಸಿಗುವುದು.

ಅನಲಿಟಿಕ್ಸ್ ಬೇಡವೇ ಬೇಡ ಎನ್ನುತ್ತಿಲ್ಲ. ಓದುಗ ಎರಡನೇ ಪ್ಯಾರಾದಲ್ಲೇ ಎದ್ದುಹೋದರೆ ಭಾಷೆ ತಿಳಿಯಾಗಿಲ್ಲ ಎಂಬ ಸುಳಿವು ಅದರಲ್ಲಿದೆ. ಸುದ್ದಿಯನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಅದನ್ನು ಬಳಸೋಣ. ಯಾವುದು ಸುದ್ದಿ ಎಂದು ತೀರ್ಮಾನಿಸಲು ಬೇಡ.

ಇನ್ನೊಂದು ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಪ್ರಕರಣದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಓದುಗನ ಬೆರಳಿನ ಬೆನ್ನು ಹತ್ತುವ ಮುನ್ನ ಅವನಿಗೊಂದು ಮಾತು ಹೇಳಬೇಕಲ್ಲವೇ?

ಸಂಪಾದಕರು ತಿಂಗಳ ಕ್ಲಿಕ್ಕಿನ ಪಟ್ಟಿ ಕಳಿಸುತ್ತಾರೆ, ಕಳಿಸಲಿ. ಅದರ ಜೊತೆಗೆ, ಈ ತಿಂಗಳು ಯಾವ ತೀರ್ಪು ಓದಿದಿರಿ ಎಂದೂ ಕೇಳಲಿ.