ಸುಬ್ಬಣ್ಣನದು ಸಾಧನೆ, ನಮ್ಮಪ್ಪಂದು ಬರೀ ಹುಟ್ಟುಗುಣವೇ?

ಮೊನ್ನೆ ಮೈಸೂರಿನ ಒಂದು ಸಾಹಿತ್ಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಬಾಗಿಲಲ್ಲಿ ನಮ್ಮ ಹುಡುಗರ ತಮಟೆ. ಅತಿಥಿಗಳು ಕಾರಿಂದ ಇಳಿದು ಒಳಗೆ ಹೋದರು, ತಮಟೆ ನಿಂತಿತು, ಹುಡುಗರು ಹೊರಗೇ ಉಳಿದರು. ಒಳಗೆ ಒಬ್ಬರು ಮಾಸ್ತಿಯವರ ‘ಸುಬ್ಬಣ್ಣ’ ಹಿಡಿದು ಅರ್ಧ ಗಂಟೆ ಮಾತಾಡಿದರು. ಕಲಾವಿದ ಅಂದ್ರೆ ಶಿಸ್ತು, ಶಿಸ್ತು ಅಂದ್ರೆ ತಪಸ್ಸು ಅಂತ. ಕೊನೆಗೆ ತಮಟೆಯವರಿಗೂ ಒಂದು ಮಾತು: "ಇವರಿಗೆ ತಾಳ ರಕ್ತದಲ್ಲೇ ಬಂದಿರುತ್ತೆ, ಕಲಿಯೋದೇ ಬೇಡ." ಚಪ್ಪಾಳೆ ಬಿತ್ತು.

ಆ ಚಪ್ಪಾಳೆಗೆ ನನ್ನ ಉತ್ತರ ಇದು.

‘ಸುಬ್ಬಣ್ಣ’ ಒಳ್ಳೆಯ ನೀಳ್ಗತೆ. ಮೈಸೂರು ಅರಮನೆಯ ಪುರಾಣಿಕರ ಮಗ ಅಪ್ಪನ ದಾರಿ ಬಿಟ್ಟು ಸಂಗೀತಕ್ಕೆ ಬೀಳ್ತಾನೆ, ಮನೆ ಬಿಡ್ತಾನೆ, ಕಲ್ಕತ್ತಾವರೆಗೂ ಹೋಗ್ತಾನೆ, ತನ್ನವರನ್ನ ಕಳ್ಕೊಳ್ತಾನೆ. ಮಾಸ್ತಿ ಮೇಲೆ ನನಗೆ ಕೋಪ ಇಲ್ಲ. ನಮ್ಮ ಓದಿನ ಮೇಲೆ ಇದೆ.

ನಮ್ಮಪ್ಪ ತಮಟೆ ಬಡಿಯೋನು. ಹಗಲೆಲ್ಲ ಕೂಲಿ. ಸಂಜೆ ಹುಲ್ಲು ಉರಿಸಿ ಚರ್ಮ ಕಾಯಿಸೋನು, ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಕೇಳೋನು. ಕಾವು ಜಾಸ್ತಿಯಾದ್ರೆ ಚರ್ಮ ಹರಿಯುತ್ತೆ, ಕಮ್ಮಿಯಾದ್ರೆ ದನಿ ಸಾಯುತ್ತೆ. ಮಳೆಗಾಲದ ಲೆಕ್ಕವೇ ಬೇರೆ. ಹೆಣದ ಮುಂದಿನ ಪೆಟ್ಟು ಬೇರೆ, ದೇವರ ಮುಂದಿನದು ಬೇರೆ, ಮದುವೇದು ಬೇರೆ. ತಪ್ಪಿದ್ರೆ ತಾತ ಅದೇ ಕೋಲಲ್ಲಿ ಬೆರಳಿಗೆ ಕೊಡ್ತಿದ್ದನಂತೆ. ಇದು ಗುರುಕುಲ ಅಲ್ವಾ? ಇದು ಶಿಸ್ತು ಅಲ್ವಾ?

"ರಕ್ತದಲ್ಲೇ ಬಂದಿದೆ" ಅನ್ನೋದು ಹೊಗಳಿಕೆಯಲ್ಲ, ಕಳವು. ಕಲಿಯದೇ ಬಂದದ್ದಾದರೆ ಕಲಿಸಿದವನಿಗೆ ಗೌರವ ಬೇಡ, ಬಡಿದವನಿಗೆ ಸಂಭಾವನೆ ಬೇಡ, ಊಟ ಹಾಕಿ ಕಳಿಸಿದ್ರೆ ಸಾಕು. ಎಲ್ಲವೂ ಹುಟ್ಟಿನಿಂದಲೇ ಅನ್ನೋದು ಯಾರ ಸಿದ್ಧಾಂತ ಅಂತ ನಿಮಗೆ ಹೇಳಬೇಕಿಲ್ಲ.

ಇನ್ನೊಂದು ವ್ಯತ್ಯಾಸ ನೋಡಿ. ಸುಬ್ಬಣ್ಣ ಅಪ್ಪನ ಕಸುಬು ಬೇಡ ಅಂದ, ಕಲಾವಿದನಾದ. ನಮ್ಮಪ್ಪ ಹೆಣದ ಮುಂದೆ ಬಡಿಯಲ್ಲ ಅಂದಿದ್ರೆ ಮಾರನೇ ದಿನ ಕೂಲಿ ಇರ್ತಿರಲಿಲ್ಲ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ತಮಟೆ ಎಸೆದರು. ಸರಿಯಾಗೇ ಮಾಡಿದರು, ಅವರು ಎಸೆದದ್ದು ಬಿಟ್ಟಿ ಚಾಕರಿಯನ್ನ. ಕೆಲವರು ಅದೇ ತಮಟೆಯನ್ನ ಹೋರಾಟದ ಮೆರವಣಿಗೆಗೆ ತಂದರು. ಅವರೂ ಸರಿ. ಆಯ್ಕೆ ಅವರದಾಗಿತ್ತು, ಮುಖ್ಯವಾದ್ದು ಅದು.

ನಮ್ಮ ಸಾಹಿತ್ಯದಲ್ಲೂ ಕಲಾವಿದರಿದ್ದಾರೆ. ದೇವನೂರರ ‘ಒಡಲಾಳ’ದ ಪುಟ್ಟಗೌರಿ ಗೋಡೆ ಮೇಲೆ ನವಿಲು ಬರೀತಾಳೆ. ಕದ್ದ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಬರೋ ಮನೆ ಅದು. ಆ ನವಿಲು "ಮುಗ್ಧತೆಯ ಸಂಕೇತ" ಅಂತ ಎಷ್ಟು ಭಾಷಣ ಕೇಳಿದೀನೋ ಲೆಕ್ಕವಿಲ್ಲ. ಆ ಹುಡುಗಿ ಚಿತ್ರಗಾರ್ತಿ ಅಂತ ಒಬ್ಬರೂ ಅಂದಿದ್ದು ಕೇಳಿಲ್ಲ.

2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಖುಷಿಪಟ್ಟೆವು. ಆದರೆ ಪ್ರಶಸ್ತಿ ಬಂದಾಗ ಮಾತ್ರ ಕಲಾವಿದ, ಉಳಿದ ದಿನ ಬಾಗಿಲ ಬಳಿಯ ಸದ್ದು, ಇದು ನಡೆಯಲ್ಲ.

ಕಾರ್ಯಕ್ರಮ ಮಾಡೋರಿಗೆ: ಆಮಂತ್ರಣದಲ್ಲಿ ತಮಟೆಯವರ ಹೆಸರು ಹಾಕಿ. ಸಂಭಾವನೆ ಮೊದಲೇ ಮಾತಾಡಿ. ಒಳಗೆ ಕುರ್ಚಿ ಕೊಡಿ. ಕೊಡೋಕಾಗದಿದ್ರೆ ಕರೀಬೇಡಿ.

ನಮ್ಮ ಬರಹಗಾರರಿಗೆ: ತಮಟೆಯವನನ್ನ ನಾಯಕನನ್ನಾಗಿ ಮಾಡಿ ಒಂದು ನೀಳ್ಗತೆ ಬರೀರಿ. ಪಾಪದ ಪ್ರಾಣಿಯಾಗಿ ಬೇಡ, ಬರೀ ಬಾವುಟವಾಗಿಯೂ ಬೇಡ. ಒಂದು ವರಸೆ ಕೈಗೆ ಕೂರಲಿಲ್ಲ ಅಂತ ರಾತ್ರಿಯೆಲ್ಲ ನಿದ್ದೆಗೆಟ್ಟ ಮನುಷ್ಯನಾಗಿ ಬರೀರಿ. ಅಂಥವನನ್ನ ನಾನು ನಮ್ಮನೆಯಲ್ಲೇ ನೋಡಿದೀನಿ.

ಜೈ ಭೀಮ್.