ಪ್ರವಾಸಕ್ಕೊಂದು ಬುತ್ತಿ



ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಹೊರಡುವವನ ಕೈಗೆ ಬುತ್ತಿಯ ಗಂಟನ್ನು ಕೊಡುವುದೂ ಅವರ ವಾಡಿಕೆಯಾಗಿತ್ತು. ದಾರಿಯಲ್ಲಿ ಜೊತೆಗೂಡಿದವರೊಡನೆ ಅದನ್ನು ಹಂಚಿಕೊಂಡು ಉಣ್ಣುತ್ತಿದ್ದರು. ಇಂದು ನಾವು ಪ್ರವಾಸ ಹೊರಡುವಾಗ ತಿಂಡಿಯ ಡಬ್ಬಿಯನ್ನು ಮರೆಯುವುದಿಲ್ಲ. ಹಂಚಿಕೊಳ್ಳಬೇಕಾದ ಮತ್ತೊಂದು ಬುತ್ತಿಯನ್ನು, ಎಂದರೆ ನಮ್ಮ ಹಾಡನ್ನೂ ವಾದ್ಯವನ್ನೂ, ಮನೆಯಲ್ಲಿಯೇ ಬಿಟ್ಟು ಹೋಗುತ್ತೇವೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಆ ಬುತ್ತಿಯನ್ನು ಕಡಲಾಚೆಗೆ ಹೊತ್ತೊಯ್ದ ತರುಣರ ಕಥೆಯೊಂದನ್ನು ಕೇಳಿರಿ. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪವನ್ನು ಆಳುತ್ತಿದ್ದ ಬ್ರಿಟಿಷರು ೧೮೮೦ರ ದಶಕದಲ್ಲಿ ಬಡಜನರ ಡೋಲುಗಳಿಗೆ ನಿರ್ಬಂಧ ಹಾಕಿದರು. ಜನರು ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ೧೯೩೦ರ ದಶಕದಲ್ಲಿ ತಗಡಿನ ಡಬ್ಬಿಗಳು, ಅನಂತರ ಎಣ್ಣೆಯ ಪೀಪಾಯಿಗಳು ಅವರ ಕೈಗೆ ಬಂದವು. ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ತಗ್ಗಿಸಿ, ಅದರಲ್ಲಿ ಬೇರೆಬೇರೆ ಸ್ವರಸ್ಥಾನಗಳನ್ನು ಮೂಡಿಸಿದಾಗ ಸ್ಟೀಲ್ ಪ್ಯಾನ್ ಎಂಬ ವಾದ್ಯವು ಹುಟ್ಟಿತು. ಅದನ್ನು ನುಡಿಸುವವರನ್ನು ಗಣ್ಯರು ಪುಂಡರೆಂದೇ ಎಣಿಸುತ್ತಿದ್ದರು.

೧೯೫೧ರಲ್ಲಿ ಲಂಡನ್ನಿನಲ್ಲಿ ಬ್ರಿಟನ್ ಉತ್ಸವವು ನಡೆಯಿತು. ಆಗ ಪರಸ್ಪರ ಸ್ಪರ್ಧಿಸುತ್ತಿದ್ದ ತಂಡಗಳಿಂದ ತರುಣರನ್ನು ಆರಿಸಿ ಒಂದೇ ಮೇಳವನ್ನು ಕಟ್ಟಿದರು. ಜೋಸೆಫ್ ಗ್ರಿಫಿತ್ ಎಂಬ ಪೊಲೀಸ್ ಬ್ಯಾಂಡಿನ ನಾಯಕರು ಅವರನ್ನು ಪಳಗಿಸಿದರು. ಹಡಗಿನಲ್ಲಿ ಹೊರಟ ಆ ತರುಣರು ಜುಲೈ ೨೬ರಂದು ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ನುಡಿಸಿದಾಗ, ಪೀಪಾಯಿಗಳಿಂದ ಇಂತಹ ನಾದ ಹೊಮ್ಮೀತೇ ಎಂದು ನೆರೆದವರು ಬೆರಗಾದರು. ಲಂಡನ್ನನ್ನು ನೋಡಲು ಬಂದವರನ್ನು ಲಂಡನ್ನೇ ನಿಂತು ನೋಡಿತು! ೧೯೯೨ರಲ್ಲಿ ಆ ವಾದ್ಯವು ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ರಾಷ್ಟ್ರೀಯ ವಾದ್ಯವೆನಿಸಿತು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕಳೆದ ವರ್ಷ ನಾವು ಮಾಧವರಂನಿಂದ ಹೊರಟು, ಎಗ್ಮೋರಿನ ವಸ್ತುಸಂಗ್ರಹಾಲಯವನ್ನು ನೋಡಿ, ಸಂಜೆ ಮರೀನಾ ಕಡಲದಂಡೆಯಲ್ಲಿ ಕುಳಿತಿದ್ದೆವು. ಪಕ್ಕದಲ್ಲಿದ್ದ ಬೇರೊಂದು ಶಾಲೆಯ ಮಕ್ಕಳು ತಮಿಳಿನಲ್ಲಿ ಹಾಡಿ, "ಈಗ ನೀವು ಹಾಡಿ" ಎಂದರು. ನಮ್ಮವರು ತಲೆ ತಗ್ಗಿಸಿದರು. ಒಬ್ಬ ಹುಡುಗ ಮಾತ್ರ ಊಟದ ಡಬ್ಬಿಯನ್ನು ಬೋರಲು ಹಾಕಿ ಬೆರಳಾಡಿಸತೊಡಗಿದ. "ಇದೇನು, ತಮಟೆಯ ಮೇಳವೇ?" ಎಂದು ನಾನು ಗದರಿದೆ. ಅವನು ಡಬ್ಬಿಯನ್ನು ಚೀಲದೊಳಗೆ ಇಟ್ಟುಬಿಟ್ಟ. ಕೋಲಾರದಿಂದ ಬಂದ ಅವನ ತಾತ ಜಾತ್ರೆಗಳಲ್ಲಿ ತಮಟೆ ಬಾರಿಸುತ್ತಿದ್ದವರೆಂಬುದು ನನಗೆ ಅನಂತರ ತಿಳಿಯಿತು. ಟ್ರಿನಿಡಾಡಿನ ಗಣ್ಯರ ಮಾತೇ ಅಂದು ನನ್ನ ಬಾಯಿಂದ ಹೊರಟಿತ್ತು. ಅದೇ ತಮಟೆಯ ಸಾಧನೆಗಾಗಿ ಚಿಂತಾಮಣಿ ಸೀಮೆಯ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ದೊರೆಯಿತಲ್ಲವೇ!

ಶೈಕ್ಷಣಿಕ ಪ್ರವಾಸವಿರುವುದು ಜ್ಞಾನಾರ್ಜನೆಗೆ, ಹಾಡಿ ಬಾರಿಸುವುದಕ್ಕಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಬಡಿದುದೆಲ್ಲವೂ ಸಂಗೀತವಾಗದೆಂಬುದನ್ನು ನಾನೂ ಒಪ್ಪುತ್ತೇನೆ. ಆ ತರುಣರ ಹಿಂದೆ ಕಠಿಣವಾದ ಶಿಸ್ತೂ ಅಭ್ಯಾಸವೂ ಇದ್ದವು. ಆದರೆ ಕೇವಲ ಕಣ್ಣಿನಿಂದ ನೋಡಿ ಬಂದುದು ಬೇಗನೆ ಮಾಸುತ್ತದೆ. ಕೊಟ್ಟು ಕೊಂಡು ಬಂದ ಸ್ನೇಹ ಉಳಿಯುತ್ತದೆ. ಹೊರನಾಡಿನಲ್ಲಿ ಬಾಳುವ ನಮಗಂತೂ ಇದು ಹೆಚ್ಚು ಅಗತ್ಯ. ನಮ್ಮ ತಮಟೆಯೂ ತಮಿಳರ ಪರೈಯೂ ಒಂದೇ ಬಳಗದ ವಾದ್ಯಗಳು. ಅಂದು ಆ ಹುಡುಗ ಬಾರಿಸಿದ್ದರೆ ನೆರೆಯ ಮಕ್ಕಳ ಕೈಗಳೂ ತಾವಾಗಿಯೇ ತಾಳ ಹಾಕುತ್ತಿದ್ದವೇನೋ!

ಆದುದರಿಂದ ಮುಂದಿನ ಪ್ರವಾಸಕ್ಕೆ ಪ್ರತಿಯೊಂದು ತರಗತಿಯೂ ಚೆನ್ನಾಗಿ ಅಭ್ಯಾಸ ಮಾಡಿದ ಒಂದು ಹಾಡನ್ನಾಗಲಿ ವಾದ್ಯವನ್ನಾಗಲಿ ಜೊತೆಗೆ ಕೊಂಡೊಯ್ಯಬೇಕೆಂದು ನನ್ನ ಸಲಹೆ. ಆ ಹುಡುಗನ ತಾತನವರನ್ನು ಶಾಲೆಗೆ ಬರಮಾಡಿಕೊಂಡು ತಮಟೆಯ ಪಾಠವನ್ನು ಹೇಳಿಸೋಣ. ಅದಕ್ಕೆ ಮೊದಲು ಆ ವಿದ್ಯಾರ್ಥಿಯ ಕ್ಷಮೆಯನ್ನು ಬೇಡುವುದು ನನ್ನ ಕರ್ತವ್ಯ. ಅದನ್ನು ಈ ಪುಟದಲ್ಲಿ, ನಿಮ್ಮೆಲ್ಲರ ಎದುರಿನಲ್ಲಿ, ನೆರವೇರಿಸುತ್ತಿದ್ದೇನೆ.